ಬಾರದ ಸೀಟಿಗೆ ಮುಂಗಡ

ಜಗಳೂರಿನಲ್ಲಿ ಕೂತು ದುಬೈ, ಶಾರ್ಜಾ, ದಮ್ಮಾಮ್, ದೋಹಾಗಳಿಗೆ ಬಹಳ ವರ್ಷ ಟಿಕೆಟ್ ಮಾಡಿಕೊಟ್ಟಿದ್ದೇನೆ. ಒಂದು ದೇಶದ ವಿಮಾನ ಇನ್ನೊಂದು ದೇಶದಲ್ಲಿ ಇಳಿಯಬೇಕಾದರೆ ಎರಡೂ ಸರ್ಕಾರಗಳು ಮೊದಲೇ ಮಾತಾಡಿ, ವಾರಕ್ಕೆ ಇಷ್ಟೇ ಸೀಟು, ಇಂತಿಂಥ ಊರಿಗೆ ಮಾತ್ರ ಎಂದು ಬರೆದುಕೊಂಡಿರುತ್ತವೆ ಎಂಬುದು ನನಗೆ ಗೊತ್ತಾದದ್ದು ಹಣ ಕಳೆದ ಮೇಲೆ. ಕಳೆದದ್ದು ನನ್ನ ಹಣ ಮಾತ್ರವಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಮ್ಮದು ಮಳೆಯನ್ನೇ ನಂಬಿದ ತಾಲ್ಲೂಕು. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ರೈಲು ಮಾತ್ರ ಎರಡೂ ಕಾಲದಲ್ಲಿ ನಮ್ಮೂರಿಗೆ ಬರಲಿಲ್ಲ. ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ, ಕೆಲವರು ಬೆಂಗಳೂರಿಗೆ, ಕೆಲವರು ಮಲೆನಾಡಿನ ತೋಟಗಳಿಗೆ. ಹೇಗೋ ಪಾಸ್‌ಪೋರ್ಟ್ ಮಾಡಿಸಿಕೊಂಡವರು ಗಲ್ಫಿಗೆ. ಗಾರೆ ಕೆಲಸದವರು, ಎಸಿ ಮೆಕ್ಯಾನಿಕ್‌ಗಳು, ಡ್ರೈವರ್‌ಗಳು, ಈಚೆಗೆ ನರ್ಸಿಂಗ್ ಓದಿದ ಹೆಣ್ಣುಮಕ್ಕಳು. ಬಸ್ ನಿಲ್ದಾಣದ ಹತ್ತಿರದ ನನ್ನ ಅಂಗಡಿಯಲ್ಲಿ ಝೆರಾಕ್ಸ್, ಅರ್ಜಿ ತುಂಬುವುದು, ರೈಲಿನ ಬುಕಿಂಗ್ ಇವುಗಳ ಜೊತೆಗೆ ವಿಮಾನದ ಟಿಕೆಟ್ ಸೇರಿಕೊಂಡದ್ದು ಇವರಿಂದಲೇ. ದೊಡ್ಡ ಊರಿನ ಏಜೆಂಟರೊಬ್ಬರ ಕೆಳಗೆ ನಾನು ಸಬ್ ಏಜೆಂಟ್. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯವರೂ ಒಬ್ಬರಿಂದೊಬ್ಬರು ಕೇಳಿ ಫೋನ್ ಮಾಡುತ್ತಿದ್ದರು. ಒಂದು ಟಿಕೆಟ್ಟಿನಲ್ಲಿ ನನಗೆ ಉಳಿಯುತ್ತಿದ್ದದ್ದು ಅಲ್ಪ. ಆದರೆ ಜನ ರಸೀದಿ ಕೇಳದೆ ಹಣ ಎಣಿಸಿ ಇಟ್ಟು ಹೋಗುತ್ತಿದ್ದರು. ಆ ನಂಬಿಕೆಯ ಮೇಲೆಯೇ ನನ್ನ ಅಂಗಡಿ ನಿಂತಿತ್ತು.

2020ರ ಮಾರ್ಚ್ 23ಕ್ಕೆ ನಿಂತ ಅಂತರರಾಷ್ಟ್ರೀಯ ವಿಮಾನಗಳು ಮಾಮೂಲಿನಂತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಎರಡು ವರ್ಷ ಊರು ಕಾಣದವರೆಲ್ಲ ಒಟ್ಟಿಗೆ ಹೊರಟರು. ದರ ಏರಿದ್ದು ಇಳಿಯಲೇ ಇಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಭಾರತ ಮತ್ತು ಯುಎಇ ನಡುವೆ ದೊಡ್ಡ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಮೇ 1ರಿಂದ ಅದು ಜಾರಿಗೂ ಬಂತು. ಆಮೇಲೆ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ನೋಡಿದೆ. ದುಬೈ ಕಡೆಯವರಿಗೆ ಈಗಿರುವುದು ವಾರಕ್ಕೆ ಸುಮಾರು 66 ಸಾವಿರ ಸೀಟು, ಇನ್ನೂ 50 ಸಾವಿರ ಕೊಡಿ ಎಂದು ಅವರು ಭಾರತವನ್ನು ಕೇಳಿದ್ದಾರೆ ಎಂದು.

ಆ ಎರಡು ಸುದ್ದಿಯನ್ನು ನಾನೇ ಗಂಟು ಹಾಕಿದೆ. ವ್ಯಾಪಾರಕ್ಕೆ ಬಾಗಿಲು ತೆರೆದವರು ವಿಮಾನಕ್ಕೆ ಮುಚ್ಚುತ್ತಾರೆಯೇ? 50 ಸಾವಿರ ಅಲ್ಲದಿದ್ದರೆ 25 ಸಾವಿರವಾದರೂ ಬಂದೇ ಬರುತ್ತದೆ, ಬಂದರೆ ಬೆಂಗಳೂರಿನಿಂದ ಹೋಗುವ ದರ ಬೀಳುತ್ತದೆ, 2023ರ ಬೇಸಿಗೆ ರಜೆಗೆ, ರಂಜಾನ್ ಹಬ್ಬಕ್ಕೆ ಹೋಗಿಬರುವವರಿಗೆ ಈಗಲೇ ಒಂದು ದರ ಹೇಳಿ ಮುಂಗಡ ತೆಗೆದುಕೊಂಡರೆ ಮಧ್ಯದ ಅಂತರ ನನಗೆ ಉಳಿಯುತ್ತದೆ. ಇದು ನನ್ನ ಲೆಕ್ಕ. ಆವತ್ತಿನ ಮಾರುಕಟ್ಟೆ ದರಕ್ಕಿಂತ ಕಡಿಮೆ ಹೇಳಿದೆ. ಜನ ಬಂದರು. ಟಿಕೆಟ್ ಇನ್ನೂ ಮಾಡಿಲ್ಲ, ದರ ಇಳಿಯಲೆಂದು ಕಾಯುತ್ತಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ. "ಆಗುತ್ತೆ ಬಿಡ್ರಿ, ನಾನಿದೀನಿ" ಎಂದೆ. ನನ್ನ ತಪ್ಪು ಇಲ್ಲಿದೆ. ಲೆಕ್ಕ ತಪ್ಪುವುದು ಯಾರಿಗೂ ಆಗಬಹುದು. ಪರರ ಹಣದಲ್ಲಿ ಪಣ ಕಟ್ಟಿ, ಅದನ್ನು ಪಣವೆಂದು ಹೇಳದೆ ಟಿಕೆಟ್ ಎಂದು ಹೇಳಿದೆನಲ್ಲ, ಅದಕ್ಕೆ ಬೇರೆ ಹೆಸರಿಲ್ಲ.

2023ರ ಫೆಬ್ರುವರಿ ನನ್ನ ಹುಂಬತನಕ್ಕೆ ಇನ್ನಷ್ಟು ಗಾಳಿ ಹಾಕಿತು. 14ರಂದು ಏರ್ ಇಂಡಿಯಾ 470 ವಿಮಾನ ಕೊಳ್ಳುವ ಸುದ್ದಿ. 27ರಂದು ಶಿವಮೊಗ್ಗದ ವಿಮಾನ ನಿಲ್ದಾಣದ ಉದ್ಘಾಟನೆ. ಹೊನ್ನಾಳಿಯ ಗಿರಾಕಿಯೊಬ್ಬರು "ಇನ್ನು ನಮ್ಮ ಮನೆ ಬಾಗಿಲಿಂದಾನೇ ದುಬೈಗೆ ಹೋಗೋದು ನೋಡ್ರಿ" ಅಂದಾಗ ನಾನೂ ಹೌದೆಂದೆ. ಆರ್ಡರ್ ಕೊಟ್ಟ ವಿಮಾನ ಕೈಗೆ ಬರಲು ವರ್ಷಗಟ್ಟಲೆ ಬೇಕು, ಓಡುದಾರಿ ಇದ್ದ ಮಾತ್ರಕ್ಕೆ ಪರದೇಶದ ವಿಮಾನ ಇಳಿಯುವಂತಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮಾರ್ಚ್‌ನಲ್ಲಿ ಆಗಿನ ವಿಮಾನಯಾನ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಸ್ಪಷ್ಟವಾಗಿ ಹೇಳಿದರು: ಯುಎಇಗೆ ಸೀಟು ಹೆಚ್ಚಿಸುವ ಯೋಚನೆ ಸದ್ಯಕ್ಕಿಲ್ಲ, ನಮ್ಮ ಕಂಪನಿಗಳು ದೊಡ್ಡ ವಿಮಾನ ತಂದು ದೂರದ ದೇಶಗಳಿಗೆ ನೇರವಾಗಿ ಹಾರಬೇಕು.

ಆ ಹೊತ್ತಿಗೆ ಹಬ್ಬದ ಸೀಸನ್ ದರ ನಾನು ಹೇಳಿದ್ದರ ದುಪ್ಪಟ್ಟು ದಾಟಿತ್ತು. ಮುಂಗಡದಲ್ಲಿ ಒಂದಷ್ಟು ಹಳೆಯ ಬಾಕಿಗೆ ಹೋಗಿತ್ತು. ಕೈಲಿದ್ದದ್ದರಲ್ಲಿ, ವೀಸಾ ಮುಗಿಯುವವರಿಗೆ, ಡ್ಯೂಟಿಗೆ ಸೇರಲೇಬೇಕಾದವರಿಗೆ ಮೊದಲು ಟಿಕೆಟ್ ಮಾಡಿದೆ. ಉಳಿದವರಿಗೆ ಇವತ್ತು ನಾಳೆ ಎಂದೆ.

ಉಳಿದವರಲ್ಲಿ ಒಬ್ಬ ತಾಯಿ ಇದ್ದರು. ಮಗಳು, ಅಳಿಯ ಶಾರ್ಜಾದಲ್ಲಿ. ಮಗಳಿಗೆ ಚೊಚ್ಚಲು. ಊರಿಗೆ ಬಂದು ಹೆರುವಂತೆ ಇರಲಿಲ್ಲ, ಡಾಕ್ಟರು ಪ್ರಯಾಣ ಬೇಡ ಎಂದಿದ್ದರು. ಬಾಣಂತನಕ್ಕೆ ತಾಯಿಯೇ ಹೋಗಬೇಕೆಂದು ಆಯಿತು. ಅಂಟಿನುಂಡೆ ಕಟ್ಟಿ, ಕುಲಾವಿ ಹೊಲಿದು, ಬಾಣಂತಿ ಸಾಮಾನೆಲ್ಲ ಜೋಡಿಸಿಟ್ಟುಕೊಂಡಿದ್ದರು. ನಾನು ಜನವರಿಯಲ್ಲೇ ಟಿಕೆಟ್ ಮಾಡಿದ್ದರೆ ಅವರು ಕೊಟ್ಟ ಹಣಕ್ಕೆ ಸ್ವಲ್ಪ ಸೇರಿಸಿದರೆ ಸಾಕಿತ್ತು. ನಾನು ಕಾದೆ. ಹೆರಿಗೆ ದಿನಕ್ಕೆ ಮೊದಲೇ ಆಯಿತು. ಮಗು, ಬಾಣಂತಿ ಕ್ಷೇಮವಾಗಿದ್ದರು. ಎಣ್ಣೆ ನೀರು ಹಾಕಲು ಅಲ್ಲಿ ಕೇರಳದ ಹೆಂಗಸೊಬ್ಬರನ್ನು ದುಡ್ಡು ಕೊಟ್ಟು ಗೊತ್ತುಮಾಡಿಕೊಂಡರಂತೆ. ಇವರು ಹೋಗಲೇ ಇಲ್ಲ.

ಅಂಗಡಿಗೆ ಬಂದು ಅವರು ಜಗಳ ಆಡಲಿಲ್ಲ. "ಟಿಕೆಟ್ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅನ್ನಪ್ಪ. ದೊಡ್ಡ ದೊಡ್ಡೋರ ಕಾರುಬಾರು, ನಿನ್ನ ಕೈಲೇನದೆ. ಆದ್ರೆ ಆಗುತ್ತೆ ಅಂತ ಯಾವ ಧೈರ್ಯದ ಮ್ಯಾಲೆ ಹೇಳ್ದೆ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಅಪ್ಪ ಬಿಟ್ಟುಹೋದ ಹೊಲದಲ್ಲಿ ಎರಡು ಎಕರೆ ಮಾರಿದೆ. ಹಣ ಹಿಂದಿರುಗಿಸುತ್ತ ಬಂದೆ.

ಯಾವ ಧೈರ್ಯದ ಮೇಲೆ ಎಂಬ ಪ್ರಶ್ನೆ ಮಾತ್ರ ಹಣದಿಂದ ತೀರಲಿಲ್ಲ. ನಾನು ಮಾರುವ ವಸ್ತು ಏನು, ಅದು ಯಾರ ಕೈಯಲ್ಲಿದೆ ಎಂದು ಅವತ್ತಿನಿಂದ ಓದಲು ಕೂತೆ.

ಮೊದಲ ಪಾಠ ಸಿಕ್ಕಿದ್ದು ಪುಸ್ತಕದಿಂದಲ್ಲ, ನಮ್ಮ ಬೀದಿಯಲ್ಲಿರುವ ನಿವೃತ್ತ ಕಂಡಕ್ಟರ್ ಒಬ್ಬರಿಂದ. ಮಂತ್ರಾಲಯದ ರೂಟಿನಲ್ಲಿ ಬಹಳ ಕಾಲ ದುಡಿದವರು. "ನಮ್ಮ ಬಸ್ಸು ಆಂಧ್ರದೊಳಗೆ ಸುಮ್ನೆ ಹೋಗುತ್ತೆ ಅಂದ್ಕೊಂಡಿದ್ಯಾ? ಎರಡೂ ರಾಜ್ಯ ಒಪ್ಪಂದ ಮಾಡ್ಕೊಂಡಿರ್ತವೆ. ಅವರ ಬಸ್ಸು ನಮ್ಮಲ್ಲಿ ಇಷ್ಟು ಕಿಲೋಮೀಟರ್ ಓಡಿದ್ರೆ ನಮ್ದೂ ಅವರಲ್ಲಿ ಅಷ್ಟು ಓಡ್ಬೇಕು. ಟ್ರಿಪ್ಪು, ಕಿಲೋಮೀಟರು, ಎಲ್ಲ ಬರವಣಿಗೇಲಿ" ಎಂದರು. ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆಂದೇ ಅವಕಾಶವಿದೆ. ನೆಲದ ಮೇಲೆ ಗಡಿ ದಾಟುವ ಬಸ್ಸಿಗೆ ಇರುವ ಕಟ್ಟುಪಾಡೇ ಆಕಾಶದಲ್ಲೂ ಇದೆ ಎಂದು ಅವರ ಜಗಲಿಯ ಮೇಲೆ ಕೂತು ಅರ್ಥ ಮಾಡಿಕೊಂಡೆ.

ಆಕಾಶದ ಕಟ್ಟುಪಾಡಿಗೆ ಬುನಾದಿ 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ಒಪ್ಪಂದ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶ ಸ್ವಂತದ್ದು. ಅನುಮತಿ ಇಲ್ಲದೆ ಪರದೇಶದ ನಿಗದಿತ ವಿಮಾನ ಬರುವಂತಿಲ್ಲ. ದೇಶದೊಳಗಿನ ಎರಡು ಊರುಗಳ ನಡುವೆ ಪ್ರಯಾಣಿಕರನ್ನು ಒಯ್ಯುವುದನ್ನು ಪರದೇಶದವರಿಗೆ ನಿರಾಕರಿಸಬಹುದು. ಅವತ್ತಿನಿಂದ ಲೋಕದ ವಿಮಾನಯಾನ ಬಹುಮಟ್ಟಿಗೆ ಇಬ್ಬಿಬ್ಬರು ಕೂತು ಮಾಡಿಕೊಂಡ ಒಪ್ಪಂದಗಳ ಮೇಲೆ ನಡೆದಿದೆ. ಅಕ್ಕಿ, ಉಕ್ಕು, ಸಾಫ್ಟ್‌ವೇರ್ ಎಲ್ಲದರ ವ್ಯಾಪಾರಕ್ಕೂ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಿವೆ. ಅದರ ಸೇವಾ ಒಪ್ಪಂದವೇ ಹಾರಾಟದ ಹಕ್ಕನ್ನು ಹೊರಗಿಟ್ಟಿದೆ. ವ್ಯಾಪಾರ ಒಪ್ಪಂದದ ಸುದ್ದಿಯನ್ನೂ ಸೀಟಿನ ಸುದ್ದಿಯನ್ನೂ ಗಂಟು ಹಾಕಿದ ನನ್ನ ಲೆಕ್ಕ ಎಲ್ಲಿ ಮುರಿಯಿತು ಎಂದು ಆ ಸಾಲು ಓದಿದಾಗ ಕಂಡಿತು.

ಹಣ ಕಳೆದ ಸಿಟ್ಟಿನಲ್ಲಿ ಮೊದಮೊದಲು ಈ ಮಿತಿಗಳೆಲ್ಲ ಅನ್ಯಾಯ ಎಂದೇ ವಾದಿಸುತ್ತಿದ್ದೆ. ಯಾರು ಬೇಕಾದರೂ ಬರಲಿ, ಎಷ್ಟು ಬೇಕಾದರೂ ಹಾರಲಿ, ದರ ಇಳಿಯಲಿ. ಆ ಮಾತನ್ನು ತಿದ್ದಿದ್ದು ನಮ್ಮ ಚಿಕ್ಕಪ್ಪನ ಕಥೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಾಗ ಅವರು ಅಲ್ಲಿದ್ದರು. ಸಂಬಳ, ಸಾಮಾನು ಎಲ್ಲ ಬಿಟ್ಟು ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡಾನಿನ ಅಮ್ಮಾನ್‌ವರೆಗೆ ಬಂದು ಮರಳುಗಾಡಿನ ಡೇರೆಯಲ್ಲಿ ಕಾದರು. ಅಲ್ಲಿಂದ ಅವರನ್ನು ಮುಂಬೈಗೆ ತಂದದ್ದು ಏರ್ ಇಂಡಿಯಾ. ಎರಡು ತಿಂಗಳಲ್ಲಿ 1 ಲಕ್ಷ 70 ಸಾವಿರದಷ್ಟು ಭಾರತೀಯರು ಹಾಗೆ ಬಂದರು. 2020ರ ಮೇ 12ರಂದು, ಲಾಕ್‌ಡೌನ್ ನಡುವೆ, ದುಬೈಯಿಂದ ಮಂಗಳೂರಿಗೆ ಬಂದ ಮೊದಲ ವಿಮಾನವೂ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದ್ದು. "ನಮ್ದು ಅನ್ನೋ ವಿಮಾನ ಇರ್ಬೇಕು ಕಣೋ. ಕಷ್ಟ ಬಂದಾಗ ಟಿಕೆಟ್ ದರ ನೋಡ್ತಾ ಕೂರೋಕಾಗಲ್ಲ" ಎಂದು ಚಿಕ್ಕಪ್ಪ ಸಾಯುವವರೆಗೆ ಹೇಳುತ್ತಿದ್ದರು. ಅವರ ಮಾತನ್ನು ತೆಗೆದುಹಾಕಲು ನನ್ನಿಂದ ಆಗುವುದಿಲ್ಲ. ಏರ್ ಇಂಡಿಯಾ 2022ರ ಜನವರಿ 27ರಂದು ಟಾಟಾ ಸಮೂಹಕ್ಕೆ ಸೇರಿದೆ, ಈಗ ಅದು ಸರ್ಕಾರದ್ದಲ್ಲ. ಆದರೂ ಭಾರತದಲ್ಲಿ ನೋಂದಾಯಿಸಿದ, ಭಾರತದ ಕಾನೂನಿಗೆ ತಲೆಬಾಗುವ, ಕರೆದರೆ ಬರಬೇಕಾದ ವಿಮಾನಗಳು ದೇಶಕ್ಕೆ ಬೇಕೇ ಬೇಕು. ಅಮೆರಿಕ ಕೂಡ ತನ್ನ ವಿಮಾನ ಕಂಪನಿಗಳಲ್ಲಿ ಪರದೇಶದವರ ಮತದ ಪಾಲು ಶೇ 25 ದಾಟದಂತೆ ಕಾಯ್ದುಕೊಂಡಿದೆ. 1997ರಿಂದ ಯುರೋಪ್ ಒಕ್ಕೂಟದೊಳಗೆ ಯಾವ ಸದಸ್ಯ ದೇಶದ ಕಂಪನಿಯೂ ಎಲ್ಲಿ ಬೇಕಾದರೂ ಹಾರಬಹುದು ನಿಜ, ಆದರೆ ಅಲ್ಲಿ ಎಲ್ಲರಿಗೂ ಒಂದೇ ಕಾನೂನು ಇದೆ.

ಇನ್ನೊಂದು ಕಾರಣವೂ ಗಟ್ಟಿಯಾದದ್ದೇ. ದುಬೈ, ದೋಹಾ, ಅಬುಧಾಬಿಯ ಕಂಪನಿಗಳು ಬೆಂಗಳೂರಿನಿಂದ ತುಂಬಿಕೊಂಡು ಹೋಗುವವರೆಲ್ಲ ಆ ಊರುಗಳಿಗೇ ಹೋಗುವವರಲ್ಲ. ಬಹಳ ಮಂದಿ ಅಲ್ಲಿ ವಿಮಾನ ಬದಲಿಸಿ ಲಂಡನ್ನಿಗೋ ಬಾಸ್ಟನ್ನಿಗೋ ಹೋಗುತ್ತಾರೆ. ನಮ್ಮ ಜನರೇ ತುಂಬಿದ ಆ ದಾರಿಯಿಂದ ಬೆಳೆದದ್ದು ಅವರ ನಿಲ್ದಾಣ, ಅವರ ಉದ್ಯೋಗ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಭಾರತದ ವಿಮಾನ ನೇರವಾಗಿ ಹಾರಲು 2021ರ ಜನವರಿ ಬರಬೇಕಾಯಿತು. ಸಿಂಧಿಯಾ ಹೇಳಿದ್ದರ ಹಿಂದಿನ ಕಾಳಜಿ ಇದು, ಅದನ್ನು ನಾನು ಒಪ್ಪುತ್ತೇನೆ.

ಒಪ್ಪಿದ ಮೇಲೂ ನನ್ನ ಅಂಗಡಿಗೆ ಬಂದ ತಾಯಿ ಕಣ್ಣ ಮುಂದೆ ನಿಲ್ಲುತ್ತಾರೆ. ಅವರು ಎಲ್ಲಿಯೂ ವಿಮಾನ ಬದಲಿಸುವವರಲ್ಲ. ಇಳಿಯುವುದು ಅಲ್ಲೇ, ಮಗಳ ಮನೆಗೆ. ಕೋಟಾ ಬರೆಯುವಾಗ ಎಣಿಸುವುದು ವಿಮಾನದ ಸೀಟನ್ನು. ಅದರಲ್ಲಿ ಕೂತವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನಲ್ಲ. ಬಾಸ್ಟನ್ನಿಗೆ ಹೋಗುವ ಎಂಜಿನಿಯರನ್ನು ನಮ್ಮ ನೇರ ವಿಮಾನಕ್ಕೆ ತಿರುಗಿಸಲೆಂದು ಹಾಕಿದ ಮಿತಿ, ದುಬೈಯ ದೇರಾದ ಓಣಿಯಲ್ಲಿ ಎಂಟು ಮಂದಿಯ ಜೊತೆ ಕೋಣೆ ಹಂಚಿಕೊಂಡ ಗಾರೆಯವನ ಮೇಲೂ ಅಷ್ಟೇ ಭಾರವಾಗಿ ಬೀಳುತ್ತದೆ. ಎಂಜಿನಿಯರಿಗೆ ಫ್ರಾಂಕ್‌ಫರ್ಟ್ ಇದೆ, ಪ್ಯಾರಿಸ್ ಇದೆ, ಸಿಂಗಪುರ ಇದೆ. ಗಾರೆಯವನಿಗೆ ಇರುವುದು ಒಂದೇ ದಾರಿ, ಹಬ್ಬಕ್ಕೆ ಸಿಗುವುದು ಒಂದೇ ರಜೆ. ದೇಶದ ಹೆಸರಿನಲ್ಲಿ ಹಾಕಿದ ಮಿತಿಯ ಬೆಲೆಯನ್ನು ದೇಶದಲ್ಲೇ ತೀರ ಕಡಿಮೆ ಸಂಬಳದವರಿಂದ ವಸೂಲು ಮಾಡುತ್ತಿದ್ದೇವೆ. ನನಗೆ ತಡೆದುಕೊಳ್ಳಲಾಗದ್ದು ಇದೊಂದೇ.

2016ರ ರಾಷ್ಟ್ರೀಯ ವಿಮಾನಯಾನ ನೀತಿ ನೋಡಿ. ದೆಹಲಿಯಿಂದ 5,000 ಕಿಲೋಮೀಟರ್ ಆಚೆಗಿನ ದೇಶಗಳಿಗೆ, ಸಾರ್ಕ್ ದೇಶಗಳಿಗೆ, ಅವರೂ ನಮಗೆ ಹಾಗೇ ಕೊಟ್ಟರೆ ಮಿತಿಯಿಲ್ಲದ ಹಾರಾಟಕ್ಕೆ ಒಪ್ಪಿಗೆ. ಗಲ್ಫ್ ದೇಶಗಳೆಲ್ಲ ಆ ವೃತ್ತದ ಒಳಗೇ ಬರುತ್ತವೆ. ದೂರಕ್ಕೆ ಹೋಗುವವರಿಗೆ ಬಾಗಿಲು ತೆರೆದಿದೆ. ಹತ್ತಿರ ದುಡಿಯಲು ಹೋದವರಿಗೆ ಎಣಿಸಿ ಕೊಡುತ್ತಾರೆ. ಮಂಗಳೂರಿನದು ಇನ್ನೂ ಕಷ್ಟ. ಕರಾವಳಿಯ, ಮಲೆನಾಡಿನ ಗಲ್ಫ್ ಕುಟುಂಬಗಳಿಗೆ ಅದೇ ಹತ್ತಿರ. ಚನ್ನಗಿರಿ, ಹೊನ್ನಾಳಿಯ ಕೆಲವರೂ ಘಟ್ಟ ಇಳಿದು ಅಲ್ಲಿಗೇ ಹೋಗುತ್ತಾರೆ. ಆದರೆ ಗಲ್ಫಿನ ಕಂಪನಿಗಳು ಇಳಿಯಬಹುದಾದ ಊರುಗಳ ಪಟ್ಟಿಯಲ್ಲಿ ಮಂಗಳೂರಿಲ್ಲ. ಭಾರತದ ಕಂಪನಿ ಒಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2024ರ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಸಿಬ್ಬಂದಿ ಒಟ್ಟಿಗೆ ಅನಾರೋಗ್ಯದ ರಜೆ ಹಾಕಿ ವಿಮಾನಗಳು ರದ್ದಾದಾಗ, ಇಂಥ ಊರಿನವರಿಗೆ ಇನ್ನೊಂದು ದಾರಿ ಎಷ್ಟು ಅಗತ್ಯ ಎಂಬುದು ಎಲ್ಲರಿಗೂ ಕಂಡಿತು.

ಮಿತಿಯಿಂದ ಯಾರು ಬದುಕಿದರು ಎಂದೂ ಕೇಳಬೇಕು. ದೇಶದೊಳಗೆ 5 ವರ್ಷ ಹಾರಿ, 20 ವಿಮಾನ ಇಟ್ಟುಕೊಂಡವರಿಗೆ ಮಾತ್ರ ಹೊರದೇಶಕ್ಕೆ ಅನುಮತಿ ಎಂಬ ನಿಯಮ ನಮ್ಮಲ್ಲಿ 2016ರವರೆಗೆ ಇತ್ತು. ಬೆಂಗಳೂರಿನ ಕಿಂಗ್‌ಫಿಷರ್ ಆ ವಯಸ್ಸನ್ನು ಪಡೆದದ್ದು ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಜೊತೆ ವಿಲೀನವಾಗಿ. 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು; 2012ರ ಅಕ್ಟೋಬರಿನಲ್ಲಿ ನಿಂತೇ ಹೋಯಿತು. ಬಡವರಿಗೂ ವಿಮಾನ ಎಂದು ಹೊರಟ ಕಂಪನಿಯ ವರ್ಷಗಳು ಶ್ರೀಮಂತರ ಕಂಪನಿಯ ಅರ್ಹತೆಯಾದವು. 2013ರಲ್ಲಿ ಅಬುಧಾಬಿಯ ಎತಿಹಾದ್ ನಮ್ಮ ಜೆಟ್ ಏರ್‌ವೇಸ್‌ನ ಶೇ 24ರ ಪಾಲು ಕೊಳ್ಳುವ ಹೊತ್ತಿಗೇ ಅಬುಧಾಬಿಯ ವಾರದ ಕೋಟಾವನ್ನು 13 ಸಾವಿರ ಚಿಲ್ಲರೆಯಿಂದ ಮೂರು ವರ್ಷದಲ್ಲಿ 50 ಸಾವಿರದ ಮಟ್ಟಕ್ಕೆ ಏರಿಸಲು ಒಪ್ಪಿಗೆ ಸಿಕ್ಕಿತು. ಅಂದರೆ ಸೀಟು ಕೊಡಬಾರದೆಂಬ ವ್ರತ ಯಾವಾಗಲೂ ಇರಲಿಲ್ಲ. ಒಂದು ಕಂಪನಿಗೆ ಬಂಡವಾಳ ಬೇಕಾದಾಗ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಕೂಡ ನೆಲಕ್ಕಿಳಿಯಿತು. ಪ್ರಯಾಣಿಕರಿಗೆ ಬೇಕು ಎಂಬ ಒಂದೇ ಕಾರಣಕ್ಕೆ ಅಂಥ ಮಾತುಕತೆ ನಡೆದದ್ದು ನನ್ನ ಓದಿಗೆ ಸಿಕ್ಕಿಲ್ಲ.

ಬೇರೆ ದಾರಿ ಇಲ್ಲವೇ ಎಂದು ಹುಡುಕುವಾಗ 1946ರಲ್ಲಿ ಬ್ರಿಟನ್, ಅಮೆರಿಕ ನಡುವೆ ಬರ್ಮುಡಾ ದ್ವೀಪದಲ್ಲಿ ಆದ ಒಪ್ಪಂದ ಸಿಕ್ಕಿತು. ವಿಮಾನ ಕಂಪನಿಯ ಸ್ವಂತ ದೇಶಕ್ಕೂ ಪ್ರಯಾಣಿಕ ಕೊನೆಗೆ ತಲುಪುವ ದೇಶಕ್ಕೂ ನಡುವೆ ಎಷ್ಟು ಓಡಾಟವಿದೆಯೋ ಅದೇ ಸೀಟಿನ ಸಂಖ್ಯೆಗೆ ಮುಖ್ಯ ಅಳತೆ, ದಾರಿಯ ನಡುವೆ ಹತ್ತಿಸಿಕೊಳ್ಳುವವರು ಆಮೇಲಿನವರು ಎಂಬ ತತ್ವ ಅದರಲ್ಲಿದೆ. ಟೈಪ್‌ರೈಟರ್ ಕಾಲದವರು ಪ್ರಯಾಣಿಕ ಎಲ್ಲಿಗೆ ಹೋಗುತ್ತಾನೆ ಎಂದು ವಿಚಾರಿಸಿದ್ದರು. ಇವತ್ತು ನಾನು ಜಗಳೂರಿನಲ್ಲಿ ಮಾಡುವ ಟಿಕೆಟ್ಟಿನಲ್ಲೇ ಹೊರಡುವ ಊರು, ಮುಟ್ಟುವ ಊರು ಎರಡೂ ಇರುತ್ತವೆ. ಬದಲಿಸಿ ಹೋಗುವವರನ್ನು ಬೇರೆ, ಅಲ್ಲೇ ಇಳಿಯುವವರನ್ನು ಬೇರೆ ಎಣಿಸುವುದು ಕಷ್ಟದ ಕೆಲಸವಲ್ಲ. ದೇಶದೊಳಗಿನ ಹಾರಾಟ ನಮ್ಮವರಿಗೇ ಇರಲಿ. ಬಾಸ್ಟನ್ನಿನ ದಾರಿಗೂ ಮಿತಿ ಇರಲಿ, ನಮ್ಮ ದೊಡ್ಡ ವಿಮಾನಗಳು ಬರುವವರೆಗೆ, ಎಷ್ಟು ವರ್ಷ ಎಂದು ಮೊದಲೇ ಬರೆದಿಟ್ಟು. ಗಲ್ಫಿಗೇ ಹೋಗಿಬರುವವರಿಗೆ ಮಾತ್ರ ಹೆಚ್ಚಿನ ಸೀಟು ಕೊಡಲಿ, ಅದನ್ನು ಮಂಗಳೂರಿನಂಥ ಊರುಗಳಿಂದ ಶುರುಮಾಡಲಿ.

ದರ ಅದರಿಂದ ಅರ್ಧಕ್ಕೆ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಇಂಧನ, ಡಾಲರು, ಸೀಸನ್ ಎಲ್ಲ ಸೇರಿ ದರವಾಗುತ್ತದೆ. ಒಂದು ಅನುಮತಿಯಿಂದ ಎಲ್ಲ ಸರಿಹೋಗುತ್ತದೆಂದು ನಂಬಿಯೇ ನಾನು ಕೆಟ್ಟಿದ್ದು.

ಇದನ್ನೆಲ್ಲ ಒಂದು ಅರ್ಜಿಯಾಗಿ ಬರೆದು, ನನ್ನ ಗಿರಾಕಿಗಳ ಸಹಿ ಹಾಕಿಸಿ, ನಮ್ಮ ಸಂಸದರ ಕಚೇರಿಗೂ ವಿಮಾನಯಾನ ಸಚಿವಾಲಯಕ್ಕೂ ಕಳಿಸಿದ್ದೇನೆ. ಪರದೇಶಗಳ ಜೊತೆ ಸೀಟಿನ ಮಾತುಕತೆಗೆ ಕೂರುವ ಮೊದಲು ಅಲ್ಲಿ ದುಡಿಯುವವರ ಅಹವಾಲನ್ನೂ ಕೇಳಬೇಕು ಎಂಬುದು ಅದರ ಮೊದಲ ಬೇಡಿಕೆ. ಸಹಿಗೆಂದು ಆ ತಾಯಿಯ ಮನೆಗೂ ಹೋಗಿದ್ದೆ. ಪೂರ್ತಿ ಓದಿಸಿ ಕೇಳಿ, "ನೀನು ದುಡ್ಡು ತಗೊಂಡು ಸುಮ್ನಿದ್ದದ್ದೂ ಇದ್ರಾಗೆ ಬರ್ದೀಯೇನು?" ಎಂದರು. ಬರೆದಿರಲಿಲ್ಲ. ಅಂಗಡಿಗೆ ಬಂದು ಕೊನೆಗೊಂದು ಪುಟ ಸೇರಿಸಿ, ಮುಂಗಡ ಪಡೆದ ಏಜೆಂಟ್ ಇಷ್ಟು ದಿನದೊಳಗೆ ಟಿಕೆಟ್ಟಿನ ನಂಬರ್ ಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು ಎಂಬ ನಿಯಮ ತನ್ನಿ ಎಂದು ಬರೆದು, ಅದಕ್ಕೆ ಕಾರಣವಾಗಿ ನಾನು ಮಾಡಿದ್ದನ್ನು ನನ್ನ ಹೆಸರಿನಲ್ಲೇ ನಮೂದಿಸಿದೆ. ಆಮೇಲೆ ಅವರು ಸಹಿ ಹಾಕಿದರು. ನ್ಯಾಮತಿಯ ಎರಡು ಮನೆಯ ಹಣ ಇನ್ನೂ ಬಾಕಿ ಇದೆ. ಈ ಸಲದ ಮೆಕ್ಕೆಜೋಳ ಮಾರಿದ ಕೂಡಲೇ ತಲುಪಿಸುತ್ತೇನೆಂದು ಬರೆದುಕೊಟ್ಟಿದ್ದೇನೆ.